ಕಪ್ಪು ದುರ್ಬೀನು, ಹಸಿರು ದುರ್ಬೀನು

“ಏಳೇ ಯಾನೆತ್, ನಿನ್ನ ಸರದಿ ಯಾವಾಗಲೋ ಮುಗೀತು. ಆ ದುರ್ಬೀನಿನ ಜೊತೆ ಸಂಸಾರ ಹೂಡ್ತೀಯೇನು?”

ವಿಲ್ಮರ್ ಅವಳ ಭುಜವನ್ನು ಮೊಣಕೈಯಿಂದ ತಿವಿದ. ಯಾನೆತ್ ಅಲುಗಲಿಲ್ಲ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಪ್ಪು ದುರ್ಬೀನಿಗೆ ಅಂಟಿಸಿ, ಉಸಿರು ಬಿಗಿಹಿಡಿದು ನಿಂತಿದ್ದಳು.

ಕಣಿವೆಯ ಆಚೆ, ನಾಲ್ಕು ಕಿಲೋಮೀಟರ್ ದೂರದಲ್ಲಿ, ಬೆಂಕಿಬೆಟ್ಟದ ಬುಡದ ಹೊಲದಲ್ಲಿ ಸೆಗುಂಡೊ ತಾತ ಹುಲ್ಲು ಕೊಯ್ಯುತ್ತಿದ್ದ. ಅವನು ಹೊದ್ದ ಕೆಂಪು ಕಂಬಳಿ, ಪೊಂಚೊ, ಕಂಡಿತು. ಅದರ ಬೆನ್ನಿಗೆ ಅಮ್ಮ ಹಾಕಿದ್ದ ನೀಲಿ ತೇಪೆ ಕಂಡಿತು. ತಾತ ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ನೆಟ್ಟಗಾದದ್ದೂ ಕಂಡಿತು.

“ತೇಪೆ ಕಾಣ್ತಿದೆ ಕಣೋ,” ಎಂದಳು ಯಾನೆತ್. “ಕೈ ಚಾಚಿದ್ರೆ ಸಿಗೋ ಹಾಗಿದೆ.”

“ಮತ್ತೆ? ಅರವತ್ತು ಪಟ್ಟು ಅಂದ್ರೆ ಸುಮ್ನೆನಾ? ಆ ಗಡಿಗೆಯಂಥ ಹಸಿರು ದುರ್ಬೀನು ಬರೀ ಇಪ್ಪತ್ತೈದು. ಇಪ್ಪತ್ತೈದು ದೊಡ್ಡದಾ, ಅರವತ್ತು ದೊಡ್ಡದಾ? ಒಂದನೇ ಕ್ಲಾಸಿನ ಲೆಕ್ಕ.”

ವಿಲ್ಮರ್ ಅವಳ ದೊಡ್ಡಮ್ಮನ ಮಗ. ಅವಳಿಗಿಂತ ಎರಡು ತಿಂಗಳಿಗೆ ದೊಡ್ಡವನು. ಆ ಎರಡು ತಿಂಗಳನ್ನು ಅವನು ಒಂದು ದಿನವೂ ಮರೆಯಗೊಟ್ಟವನಲ್ಲ.

ಕಾವಲುಗುಡ್ಡದ ನೆತ್ತಿಯಲ್ಲಿ ಎರಡು ದುರ್ಬೀನುಗಳು ಮೂರು ಕಾಲಿನ ಸ್ಟ್ಯಾಂಡುಗಳ ಮೇಲೆ ಅಕ್ಕಪಕ್ಕ ನಿಂತಿದ್ದವು. ಕಪ್ಪಿನದು ಉದ್ದ, ನೀಳ, ಹೊಸ ಬೂಟಿನಂತೆ ಮಿರಮಿರ. ಅದರ ಉಂಗುರ ತಿರುಗಿಸಿದರೆ ಇಪ್ಪತ್ತು ಪಟ್ಟಿನಿಂದ ಅರವತ್ತರವರೆಗೆ ಹೋಗುತ್ತಿತ್ತು. ಹಸಿರಿನದು ಗಿಡ್ಡ, ದಪ್ಪ. ಕಣ್ಣಿಡುವ ತುದಿ ಕೊಕ್ಕರೆಯ ಕತ್ತಿನಂತೆ ಮೇಲಕ್ಕೆ ಬಾಗಿತ್ತು. ತಿರುಗಿಸಲು ಅದಕ್ಕೆ ಉಂಗುರವೇ ಇರಲಿಲ್ಲ. ಎರಡನ್ನೂ ರಾಜಧಾನಿ ಕ್ವಿಟೊದ ಅಂಗಡಿಯೊಂದು ಒಂದು ವಾರದ ಮಟ್ಟಿಗೆ ಪರೀಕ್ಷೆಗೆಂದು ಕಳಿಸಿತ್ತು. ಭಾನುವಾರ ಊರ ಸಭೆಯಲ್ಲಿ ಒಂದನ್ನು ಆರಿಸಬೇಕು, ಇನ್ನೊಂದು ವಾಪಸು.

ಊರವರು ಆ ಬೆಂಕಿಬೆಟ್ಟವನ್ನು ಅವ್ವ ಎಂದೇ ಕರೆಯುತ್ತಿದ್ದರು. ಅವ್ವ ಮಲಗಿದ್ದಾಳೆ, ಅವ್ವ ಗೊಣಗುತ್ತಿದ್ದಾಳೆ, ಅವ್ವ ಎದ್ದಳು. ಏಳು ವರ್ಷದ ಹಿಂದೆ ಅವ್ವ ಎದ್ದಾಗ ಊರಿಗೆ ಊರೇ ಕಣಿವೆ ದಾಟಿ ಈಚೆಗೆ ಬಂದಿತ್ತು. ಈಚೆ ಸರ್ಕಾರ ಕಟ್ಟಿಸಿಕೊಟ್ಟ ಒಂದೇ ಅಚ್ಚಿನ ಮನೆಗಳಿದ್ದವು, ಆದರೆ ಮಣ್ಣಿರಲಿಲ್ಲ. ಮಣ್ಣು, ಜೋಳ, ಹಸುಗಳು ಎಲ್ಲವೂ ಆಚೆಗೇ ಉಳಿದಿದ್ದವು. ಆದ್ದರಿಂದ ಬೆಳಿಗ್ಗೆ ಲಾರಿ ಹತ್ತಿ ಆಚೆಗೆ ಹೋಗುವುದು, ಮಧ್ಯಾಹ್ನ ಮೂರು ಗಂಟೆಯೊಳಗೆ ಈಚೆಗೆ ಬಂದುಬಿಡುವುದು. ಅವರು ಆಚೆ ಇರುವಷ್ಟು ಹೊತ್ತು ಈಚೆ ಯಾರಾದರೂ ಅವ್ವನ ಮೇಲೆ ಕಣ್ಣಿಟ್ಟಿರಬೇಕು.

ಆ ಕಣ್ಣು, ಊರೆಲ್ಲ ಗೌರವದಿಂದ ದೋನ್ಯಾ ಎನ್ನುವ ಸೊಯ್ಲಾ ಅವರದು. ಅರವತ್ತೆಂಟು ವರ್ಷದ ಅವರು ಗುಡ್ಡದ ಗುಡಿಸಲಿನಲ್ಲಿ ಆಚೆಯವರೊಡನೆ ಮಾತಾಡುವ ರೇಡಿಯೊ ಇಟ್ಟುಕೊಂಡು ದಿನವಿಡೀ ಕಾವಲು ಕೂರುತ್ತಿದ್ದರು. ಏಳು ವರ್ಷದ ಬೂದಿ ಗೀರಿ ಗೀರಿ ಅವರ ಬಲಗಣ್ಣು ಮಂಜಾಗಿತ್ತು. ಅದಕ್ಕೇ, ಬೂದಿ ಸುರಿದು ಶಾಲೆಗೆ ರಜೆ ಬಿದ್ದಾಗಲೆಲ್ಲ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಚುರುಕುಗಣ್ಣು ಯಾನೆತ್‌ಳದು.

“ಮೊದಲು ಏನು ನೋಡಬೇಕು?” ಗುಡಿಸಲಿನಿಂದ ಹೊರಬಂದ ದೋನ್ಯಾ ಸೊಯ್ಲಾ ಕೇಳಿದರು.

“ಅವ್ವನ ಬಾಯಿ,” ಯಾನೆತ್ ಕಪ್ಪು ದುರ್ಬೀನಿನಿಂದ ಸರಕ್ಕನೆ ಹಿಂದೆ ಸರಿದು ಒಪ್ಪಿಸಿದಳು. “ಆಮೇಲೆ ಅಲ್ಲಿಂದ ಹೊಲಕ್ಕೆ ಇಳಿಯೋ ಕಮರಿ, ಮೇಲಿಂದ ಕೆಳಗೆ. ಕೊನೆಗೆ ಹೊಲ. ಎಲ್ಲದಕ್ಕೂ ಕೊನೆಗೆ ಮನುಷ್ಯರು.”

“ನೀನೀಗ ಏನು ನೋಡ್ತಿದ್ದೆ?”

ಯಾನೆತ್ ಕಪ್ಪು ದುರ್ಬೀನಿನ ಉಂಗುರವನ್ನು ಹಿಂದಕ್ಕೆ ತಿರುಗಿಸಿದಳು.

“ತಾತನ್ನ, ದೋನ್ಯಾ,” ಎಂದ ವಿಲ್ಮರ್. “ಬೆಳಿಗ್ಗೆಯಿಂದ ಅದೇ.”

“ನಿನ್ನ ಕೇಳಿದ್ನಾ?” ಎಂದರು ದೋನ್ಯಾ ಸೊಯ್ಲಾ. ಹಸಿರು ದುರ್ಬೀನಿನ ಬಾಗಿದ ಕತ್ತಿಗೆ ಎಡಗಣ್ಣಿಟ್ಟು ಕಮರಿಯ ತಲೆಯಿಂದ ಶುರುಮಾಡಿದರು. ಸ್ವಲ್ಪ ಸರಿಸಿ ನಿಲ್ಲಿಸಿದರು. ಮತ್ತೆ ಸ್ವಲ್ಪ ಸರಿಸಿ ನಿಲ್ಲಿಸಿದರು. ಕಮರಿಯ ಬುಡ ಮುಟ್ಟುವಷ್ಟರಲ್ಲಿ ಯಾನೆತ್ ಎಣಿಸಿದ್ದಳು: ಹನ್ನೆರಡು ಸಲ. ಕಪ್ಪಿನದನ್ನು ಅರವತ್ತಕ್ಕಿಟ್ಟು ಹೀಗೇ ಇಳಿದರೆ ಮೂವತ್ತು ಸಲ ಸರಿಸಬೇಕು. ಅದರ ನೋಟ ಬಾವಿಯ ಬಾಯಷ್ಟು ಕಿರಿದು. ಗಾಳಿ ಬೀಸಿದರೆ ಚಿತ್ರವೆಲ್ಲ ನಡುಗುತ್ತಿತ್ತು. ಹತ್ತನೆಯ ಸಲಕ್ಕೆ, ಎಲ್ಲಿಯವರೆಗೆ ನೋಡಿದ್ದೆ ಎಂಬುದೇ ತಪ್ಪಿಹೋಗುತ್ತಿತ್ತು.

ಆದರೆ ಹಸಿರಿನದರಲ್ಲಿ ತಾತ ಬರೀ ಉಗುರಿನಷ್ಟು ಕೆಂಪು. ತೇಪೆ ಇಲ್ಲ, ಮುಖವಿಲ್ಲ.

ಅಮ್ಮ ಮನೆಯಲ್ಲಿ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ನಿನ್ನ ತೈತಾ ಹೇಗಿದ್ದಾರೆ? ಕುಂಟ್ತಿದ್ದಾರಾ?” ತಾತನನ್ನು ಎಲ್ಲರೂ ತೈತಾ ಎನ್ನುತ್ತಿದ್ದರು; ಅವನನ್ನೇ ಕೇಳಿದರೆ ನೋವಿನ ಮಾತೇ ಎತ್ತುತ್ತಿರಲಿಲ್ಲ. ಉಗುರಿನಷ್ಟು ಕೆಂಪನ್ನು ನೋಡಿ ಇದಕ್ಕೆ ಉತ್ತರ ಹೇಳುವುದು ಹೇಗೆ? ಸಭೆಯಲ್ಲಿ ಮಕ್ಕಳ ಪರವಾಗಿ ಒಬ್ಬರು ಮಾತಾಡಬಹುದು ಎಂದಿದ್ದರು ದೋನ್ಯಾ ಸೊಯ್ಲಾ. ಏನು ಹೇಳಬೇಕೆಂದು ಯಾನೆತ್ ಆಗಲೇ ನಿಶ್ಚಯಿಸಿಬಿಟ್ಟಿದ್ದಳು. ಕಪ್ಪು.

* * *

ಮೊದಲ ದಿನ ಎರಡೂ ಅಕ್ಕಪಕ್ಕ, ಆಮೇಲೆ ಒಂದು ದಿನ ಹಸಿರು, ಒಂದು ದಿನ ಕಪ್ಪು. ಪರೀಕ್ಷೆಯ ಕ್ರಮ ಹಾಗಿತ್ತು. ಗುರುವಾರ ಕಪ್ಪಿನ ಸರದಿ. ಹಸಿರಿನದು ಬೂದಿ ಬೀಳದಂತೆ ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತಿತ್ತು.

ಯಾನೆತ್ ಗುಡ್ಡ ಹತ್ತಿ ಬಂದಾಗ ದೋನ್ಯಾ ಸೊಯ್ಲಾ ರೇಡಿಯೊದಲ್ಲಿ ಯಾರನ್ನೋ ಗದರುತ್ತಿದ್ದರು.

“ರಾತ್ರಿಯೆಲ್ಲ ಮೇಲೆ ಮಳೆ ಬಿದ್ದಿದೆ. ಇವತ್ತು ಲಾರಿ ಬೇಡ ಅಂತ ನಿಲ್ಲಿಸಿದೀನಿ. ನಿಮಗೆ ಮಾತ್ರ ಏನು ಅವಸರ? ಕತ್ತಲಲ್ಲೇ ನಡ್ಕೊಂಡು ಹೋಗಿದೀರಲ್ಲ.”

ರೇಡಿಯೊ ಗರಗರ ಎಂದಿತು. ಆಮೇಲೆ ಬಂದದ್ದು ತಾತನ ದನಿ.

“ನನ್ನ ಹಸು ಪಲೋಮಾಗೆ ನೋವು ಶುರುವಾಗಿದೆ, ದೋನ್ಯಾ ಸೊಯ್ಲಾ. ಚೊಚ್ಚಲು. ಬಿಟ್ಟು ಬರೋಕಾಗುತ್ತಾ?”

“ಬೂದಿಯ ಮೇಲೆ ಮಳೆ ಬಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಿಕೊಡ್ಬೇಕಾ?”

“ಕೆಸರು ಇಳಿಯುತ್ತೆ. ಕಮರಿ ತಲೆಯಿಂದ ನನ್ನ ಹೊಲಕ್ಕೆ ಒಂಬತ್ತು ನಿಮಿಷ. ನಾನು ಮೇಲಿನ ಕಲ್ಲುಗೋಡೆ ಹತ್ತೋಕೆ ಆರು ನಿಮಿಷ. ಮೂರು ನಿಮಿಷ ಉಳೀತು, ಒಂದು ಬೀಡಿ ಸೇದ್ಬಹುದು.” ತಾತ ನಕ್ಕದ್ದು ಕೇಳಿಸಿತು. “ಅಲ್ಲಿ ನನ್ನ ಮೊಮ್ಮಗಳ ಕಣ್ಣಿದೆಯಲ್ಲ. ಅವಳು ಹೇಳ್ತಾಳೆ.”

ದೋನ್ಯಾ ಸೊಯ್ಲಾ ರೇಡಿಯೊ ಕೆಳಗಿಟ್ಟು ಯಾನೆತ್‌ಳನ್ನು ನೋಡಿದರು.

“ಕೇಳಿಸ್ತಾ? ಇವತ್ತು ಕಾಲುಗಂಟೆಗೊಂದು ಸಲ ಕಮರಿ ನೋಡ್ಬೇಕು. ತಲೆಯಿಂದ ಬುಡದವರೆಗೆ, ಪೂರ್ತಿ. ನೋಡಿದ್ದನ್ನ ಪುಸ್ತಕದಲ್ಲಿ ಬರೀಬೇಕು.”

“ಹೂಂ, ದೋನ್ಯಾ.”

ಒಂಬತ್ತು ಗಂಟೆಗೆ ಯಾನೆತ್ ಮೂವತ್ತು ಸಲ ಸರಿಸಿದಳು. ಒಂಬತ್ತೂಕಾಲಿಗೂ ಸರಿಸಿದಳು. ಹತ್ತು ಗಂಟೆಗೆ ಮೋಡ ಇಳಿದು ಕಮರಿಯ ತಲೆಯನ್ನು ಮುಚ್ಚಿತು, ಹರಿಯಿತು, ಮತ್ತೆ ಮುಚ್ಚಿತು. ಹತ್ತೂವರೆಗೆ ಹೊಲದ ಕಡೆ ತಿರುಗಿಸಿದಾಗ ಪಲೋಮಾ ಮಲಗಿರುವುದು ಕಂಡಿತು. ತಾತ ಅದರ ಹಿಂದೆ ಮಂಡಿಯೂರಿದ್ದ.

ಆಮೇಲೆ ಅವಳ ಕೈಗೆ ದುರ್ಬೀನನ್ನು ಅಲ್ಲಿಂದ ಕದಲಿಸುವ ಮನಸ್ಸಾಗಲಿಲ್ಲ.

ಎರಡು ಪುಟ್ಟ ಗೊರಸುಗಳು ಹೊರಬಂದಿದ್ದವು. ತಾತ ಹಗ್ಗವನ್ನು ಮೃದುವಾಗಿ ಸುತ್ತುತ್ತಿದ್ದ. ಪಲೋಮಾಳ ಹೊಟ್ಟೆ ಏರಿ ಇಳಿಯುತ್ತಿತ್ತು. ಸದ್ದೇ ಇಲ್ಲ. ಗಾಜಿನ ಒಳಗೆ ನಡೆಯುತ್ತಿರುವ ಹಾಗೆ, ಎಲ್ಲವೂ ಅವಳೊಬ್ಬಳಿಗಾಗಿಯೇ ನಡೆಯುತ್ತಿರುವ ಹಾಗೆ.

“ಯಾನೆತ್.” ಗುಡಿಸಲ ಒಳಗಿನಿಂದ ದೋನ್ಯಾ ಸೊಯ್ಲಾ ಕೂಗಿದರು. ದೊಡ್ಡ ರೇಡಿಯೊದ ಬ್ಯಾಟರಿ ಕೈಕೊಟ್ಟಿತ್ತು. ಅವರು ಬಾಯಲ್ಲಿ ತಂತಿ ಕಚ್ಚಿಕೊಂಡು ಅದರ ಮುಂದೆ ಕೂತಿದ್ದರು. “ಹನ್ನೊಂದಾಯ್ತು. ಕಮರಿ?”

ಕರುವಿನ ಮೂಗು ಕಂಡಿತು. ಒದ್ದೆಯಾದ, ಗುಲಾಬಿ ಬಣ್ಣದ ಮೂಗು. ಈಗ ದುರ್ಬೀನು ಕದಲಿಸಿದರೆ ಮತ್ತೆ ಈ ಜಾಗ ಹುಡುಕುವುದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕಮರಿ ಬೆಳಗಿನಿಂದ ಶಾಂತವಾಗಿಯೇ ಇತ್ತಲ್ಲ.

“ಸರಿ ಇದೆ, ದೋನ್ಯಾ.”

“ಬರಿ ಹಾಗಾದ್ರೆ.”

ಯಾನೆತ್ ಕಣ್ಣು ತೆಗೆಯದೆ, ಎಡಗೈಯಲ್ಲಿ ಪುಸ್ತಕ ಎಳೆದುಕೊಂಡು, ವಕ್ರ ಅಕ್ಷರಗಳಲ್ಲಿ ಬರೆದಳು. ‘11.00. ಕಮರಿ ಶಾಂತ.’

ಕರು ಹುಟ್ಟಿತು. ಕಂದು ಬಣ್ಣ, ಹಣೆಯ ಮೇಲೆ ಬಿಳಿ. ತಾತ ಹುಲ್ಲಿನಿಂದ ಅದರ ಮೈ ತಿಕ್ಕಿದ. ಅದು ತಲೆ ಎತ್ತಿತು, ಬಿತ್ತು, ಮತ್ತೆ ಎತ್ತಿತು. ಯಾನೆತ್ ನಕ್ಕಳು. ತಾತನೂ ನಗುತ್ತಿದ್ದ, ಅವನ ಒಂದೇ ಒಂದು ಮುಂದಿನ ಹಲ್ಲು ಕಂಡ ಹಾಗಾಯಿತು.

ಆಗ ಪಲೋಮಾ ಕತ್ತು ಮೇಲೆತ್ತಿತು. ಎರಡೂ ಕಿವಿಗಳು ಕಮರಿಯ ಕಡೆಗೆ ತಿರುಗಿದವು. ಈಗಷ್ಟೇ ಹೆತ್ತ ಹಸು, ಕರುವನ್ನು ನೆಕ್ಕಬೇಕಾದ ಹಸು, ತಡಬಡಿಸಿ ಎದ್ದು ನಿಂತಿತು.

ಯಾಕೆ?

ಯಾನೆತ್ ದುರ್ಬೀನಿನಿಂದ ಕಣ್ಣು ತೆಗೆದು ಬರಿಗಣ್ಣಿನಲ್ಲಿ ನೋಡಿದಳು.

ಕಮರಿಯ ಕುತ್ತಿಗೆ ಎಂದು ಕರೆಯುವ ಎರಡು ಕರಿಬಂಡೆಗಳಿದ್ದವಲ್ಲ, ಅವು ಇರಲಿಲ್ಲ. ಅವುಗಳ ಜಾಗದಲ್ಲಿ ಕಲಸಿದ ಸಿಮೆಂಟಿನಂಥ ಬೂದುಬಣ್ಣದ ಏನೋ ಒಂದು ಹೊಗೆಯಾಡುತ್ತ ಇಳಿಯುತ್ತಿತ್ತು. ಕುತ್ತಿಗೆಯಿಂದ ಹೊಲಕ್ಕೆ ಮೂರು ನಿಮಿಷ. ಅದು ಕುತ್ತಿಗೆಯನ್ನು ಆಗಲೇ ದಾಟಿತ್ತು.

“ಕೆಸರು, ದೋನ್ಯಾ, ಕೆಸರು ಇಳೀತಿದೆ, ಕುತ್ತಿಗೆ ದಾಟಿದೆ—”

ಒಳಗೆ ಏನೋ ಉರುಳಿ ಬಿತ್ತು. ದೋನ್ಯಾ ಸೊಯ್ಲಾ ಇನ್ನೊಂದು, ಅಂಗೈಯಗಲದ ಸಣ್ಣ ರೇಡಿಯೊ ಹಿಡಿದು ಹೊರಗೆ ಬಂದರು. ಅವರು ಕಿರುಚಲಿಲ್ಲ. ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ ಹೇಳಿದರು: “ಸೆಗುಂಡೊ. ಗೋಡೆಗೆ ಹತ್ತಿ. ಈಗಲೇ. ಎಲ್ಲಾ ಬಿಟ್ಟು ಹತ್ತಿ.”

ಯಾನೆತ್ ಮತ್ತೆ ಗಾಜಿಗೆ ಕಣ್ಣಿಟ್ಟಳು. ತಾತ ಕೊರಳಲ್ಲಿದ್ದ ರೇಡಿಯೊವನ್ನು ಕಿವಿಗೆ ಹಿಡಿದದ್ದು ಕಂಡಿತು. ಅವನು ಮೇಲೆ ನೋಡಿದ. ನಂತರ ಬಗ್ಗಿ, ಕರುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

“ಬಿಡು ತೈತಾ, ಅದನ್ನ ಬಿಡು,” ಎಂದು ಅವಳು ಪಿಸುಗುಟ್ಟಿದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿದ್ದ ತಾತನಿಗೆ ಅದು ಕೇಳಿಸಲಿಲ್ಲ.

ತಾತ ನಡೆದ. ನೋಟದಿಂದ ಹೊರಗೆ ಹೋದ. ಯಾನೆತ್ ದುರ್ಬೀನು ಸರಿಸಿದಳು: ಬೇಲಿ. ಇನ್ನಷ್ಟು ಸರಿಸಿದಳು: ಹುಲ್ಲು. ಚಿತ್ರವೆಲ್ಲ ಕುಣಿಯಿತು. ಆಕಾಶ. ಕಲ್ಲು. ಯಾವುದೋ ಮರ. ಕೆಂಪು ಎಲ್ಲಿಯೂ ಇರಲಿಲ್ಲ. ಮತ್ತೆ ಹೊಲ ಸಿಕ್ಕಾಗ ಅಲ್ಲಿ ಹೊಲವೂ ಇರಲಿಲ್ಲ.

ಆಮೇಲೆ ಸದ್ದು ಬಂತು. ನೂರು ಲಾರಿಗಳು ಒಟ್ಟಿಗೆ ಕಲ್ಲು ಸುರಿದ ಹಾಗೆ.

ಮೋಡ ಕಣಿವೆಗೆ ಇಳಿದು ಎಲ್ಲವನ್ನೂ ಮುಚ್ಚಿತು. ದೋನ್ಯಾ ಸೊಯ್ಲಾ ರೇಡಿಯೊದಲ್ಲಿ ಕರೆಯುತ್ತಲೇ ಇದ್ದರು. ಹನ್ನೆರಡು ಗಂಟೆಯಾಯಿತು. ಒಂದಾಯಿತು. ರೇಡಿಯೊ ಬರೀ ಗರಗರ ಎನ್ನುತ್ತಿತ್ತು.

* * *

ಊರವರು ಮೇಲಿನ ಹಾದಿಯಿಂದ ಸುತ್ತಿಕೊಂಡು ಹೋಗಿ ತಾತನನ್ನು ಹುಡುಕಿದಾಗ ಸಂಜೆ ಐದಾಗಿತ್ತು. ಕಲ್ಲುಗೋಡೆಗೆ ಇನ್ನು ನಾಲ್ಕೇ ಹೆಜ್ಜೆ ಉಳಿದಿತ್ತಂತೆ. ಸೊಂಟದವರೆಗೆ ಕೆಸರಿನಲ್ಲಿದ್ದನಂತೆ. ಕರುವನ್ನು ಗೋಡೆಯ ಮೇಲಕ್ಕೆ ಎಸೆದಿದ್ದನಂತೆ. ಅವನ ಬಲಗಾಲು ಎರಡು ಬಂಡೆಗಳ ನಡುವೆ ಸಿಕ್ಕಿ ನುಜ್ಜಾಗಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ಅದನ್ನು ಮೊಣಕಾಲಿನ ಕೆಳಗೆ ತೆಗೆದರು. ಪಲೋಮಾ ಸಿಗಲೇ ಇಲ್ಲ.

ಶನಿವಾರ ಅಮ್ಮ ಯಾನೆತ್‌ಳನ್ನು ಆಸ್ಪತ್ರೆಗೆ ಕರೆದೊಯ್ದಳು. ಹಾಸಿಗೆಯ ಮೇಲೆ ತಾತ ಚಿಕ್ಕವನಾಗಿ ಕಂಡ. ಹೊದಿಕೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಚಪ್ಪಟೆಯಾಗಿತ್ತು. ಯಾನೆತ್ ಆ ಚಪ್ಪಟೆ ಜಾಗವನ್ನು ನೋಡಬಾರದೆಂದುಕೊಂಡಳು, ಅದನ್ನೇ ನೋಡಿದಳು.

“ಕರು ಹೇಗಿದೆ?” ತಾತ ಕೇಳಿದ.

“ಚೆನ್ನಾಗಿದೆ ತೈತಾ,” ಎಂದಳು ಅಮ್ಮ, ಕಿಟಕಿಯ ಕಡೆ ನೋಡುತ್ತ. “ಬಾಟ್ಲಿಯಲ್ಲಿ ಹಾಲು ಕುಡೀತಿದೆ.”

ಕರು ನಿನ್ನೆ ಬೆಳಗಿನ ಜಾವವೇ ಸತ್ತಿತ್ತು. ವಿಲ್ಮರ್‌ನ ಅಪ್ಪ ಗುಂಡಿ ತೋಡಿದ್ದನ್ನು ಯಾನೆತ್ ಕಂಡಿದ್ದಳು. ಅವಳು ಅಮ್ಮನ ಮುಖ ನೋಡಿದಳು. ಇಲ್ಲದ್ದನ್ನು ಇದೆ ಎನ್ನಲು ಎಷ್ಟು ಕಡಿಮೆ ಹೊತ್ತು ಸಾಕು. ಎರಡು ಮಾತು, ಅಷ್ಟೆ.

“ನೀನು ನೋಡಿದ್ಯಾ, ಮರಿ?” ತಾತ ಅವಳ ಕೈ ಹಿಡಿದ. “ಅದು ಹುಟ್ಟಿದ್ದು ಕಾಣಿಸ್ತಾ ಅಲ್ಲಿಂದ?”

“ಕಾಣಿಸ್ತು ತೈತಾ.”

“ಹಣೆ ಮೇಲಿನ ಬಿಳಿ?”

“ಅದೂ ಕಾಣಿಸ್ತು.”

ತಾತನ ಒಣಗಿದ ತುಟಿಗಳು ಅಗಲವಾದವು. “ಹಾಗಾದ್ರೆ ಅದು ಒಳ್ಳೇ ದುರ್ಬೀನು. ನಾಳೆ ಸಭೆಯಲ್ಲಿ ಹೇಳು. ಅದನ್ನೇ ಇಟ್ಕೊಳ್ಳಲಿ.”

ಯಾನೆತ್ ಹೊದಿಕೆಯ ಅಂಚನ್ನು ಎಳೆದು ಸರಿಪಡಿಸಿದಳು. ಬಸ್ಸಿನಲ್ಲಿ ಅಮ್ಮ ಹುರಿದ ಜೋಳ ಕೊಟ್ಟಳು. ಅದು ಅವಳ ಮುಷ್ಟಿಯಲ್ಲೇ ಬೆವೆತು ಮೆತ್ತಗಾಯಿತು.

* * *

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಮೇಜಿನ ಮೇಲೆ ಎರಡೂ ದುರ್ಬೀನುಗಳಿದ್ದವು. ನಡುವೆ ಕಾವಲಿನ ಪುಸ್ತಕ.

“ಕಪ್ಪಿನದನ್ನೇ ಇಟ್ಕೊಳ್ಳೋಣ,” ಎಂದ ವಿಲ್ಮರ್‌ನ ಅಪ್ಪ. “ಅದರಲ್ಲಿ ನೋಡಿದ್ದಕ್ಕೇ ತೈತಾ ಸೆಗುಂಡೊ ಬದುಕಿದ್ರು. ಹಸಿರಿನದಾಗಿದ್ರೆ ಏನು ಕಾಣ್ತಿತ್ತು?” ಹಲವರು ತಲೆದೂಗಿದರು. ಅಲ್ಲಿದ್ದವರಿಗೆಲ್ಲ ತಿಳಿದದ್ದು ಅಷ್ಟೇ: ಯಾನೆತ್ ಕಂಡಳು, ಕೂಗಿದಳು, ತಾತ ಉಳಿದ. ಬೆಳಿಗ್ಗೆ ಇಬ್ಬರು ಹೆಂಗಸರು ಅವಳ ಕೆನ್ನೆ ಸವರಿದ್ದರು. ಆ ಕೆನ್ನೆ ಇನ್ನೂ ಉರಿಯುತ್ತಿತ್ತು.

“ಮಕ್ಕಳ ಮಾತು?” ದೋನ್ಯಾ ಸೊಯ್ಲಾ ಕೇಳಿದರು.

“ಹೋಗೇ,” ಎಂದು ವಿಲ್ಮರ್ ಮೆಲ್ಲಗೆ ದೂಡಿದ. “ಅರವತ್ತು ಅನ್ನು, ಬಂದ್ಬಿಡು. ಎರಡು ಸೆಕೆಂಡಿನ ಕೆಲಸ.”

ಯಾನೆತ್ ಮೇಜಿನ ಬಳಿಗೆ ಹೋದಳು. ದುರ್ಬೀನುಗಳನ್ನು ಮುಟ್ಟಲಿಲ್ಲ. ಪುಸ್ತಕ ತೆರೆದು ಗುರುವಾರದ ಪುಟ ಹುಡುಕಿದಳು. ವಕ್ರ ಅಕ್ಷರಗಳು ಅಲ್ಲೇ ಇದ್ದವು.

“ಹನ್ನೊಂದು ಗಂಟೆ. ಕಮರಿ ಶಾಂತ,” ಎಂದು ಓದಿದಳು. ಬೆರಳನ್ನು ಆ ಸಾಲಿನ ಕೆಳಗೇ ಇಟ್ಟಳು. “ನಾನು ನೋಡಿರಲಿಲ್ಲ.”

ಅಂಗಳದಲ್ಲಿ ಯಾರೋ ಕೆಮ್ಮಿದರು. ಅಮ್ಮ ತಲೆ ಎತ್ತಿದಳು.

“ಕಪ್ಪಿನದರಲ್ಲಿ ತೈತಾ ಚೆನ್ನಾಗಿ ಕಾಣ್ತಾರೆ. ತುಂಬಾ ಚೆನ್ನಾಗಿ ಕಾಣ್ತಾರೆ. ಅದಕ್ಕೇ ನಾನು ಬೇರೆ ಏನೂ ನೋಡಲಿಲ್ಲ. ಹನ್ನೊಂದಕ್ಕೆ ಕಮರಿ ತಲೆ ನೋಡಿದ್ರೆ…” ಅಂಗಳದಲ್ಲಿದ್ದ ಪ್ರತಿಯೊಬ್ಬರಿಗೂ ಆ ಲೆಕ್ಕ ಗೊತ್ತಿತ್ತು. ಒಂಬತ್ತು ನಿಮಿಷ, ಆರು ನಿಮಿಷ.

“ತೈತಾ ಕಪ್ಪು ಅಂತ ಹೇಳು ಅಂದಿದ್ರು,” ಎಂದಳು ಯಾನೆತ್. “ನಾನು ಹಸಿರು ಅಂತೀನಿ.”

ಈ ಸಲ ಅವಳ ಕೆನ್ನೆ ಸವರಲು ಯಾರೂ ಬರಲಿಲ್ಲ. ವಿಲ್ಮರ್ ತನ್ನ ಬೂಟಿನ ತುದಿಯನ್ನು ನೋಡುತ್ತಿದ್ದ.

ಕೊನೆಗೆ ದೋನ್ಯಾ ಸೊಯ್ಲಾ ಎದ್ದರು. “ಒಳಗಿಂದ ಕೇಳ್ದೆ, ಸರಿ ಇದೆ ಅಂದ್ಲು, ಆಯ್ತು ಅಂದೆ. ಹತ್ತು ಹೆಜ್ಜೆ ಹೊರಗೆ ಬಂದು ನಾನೂ ನೋಡಲಿಲ್ಲ. ಪುಸ್ತಕದಲ್ಲಿ ಅದನ್ನೂ ಬರೀಬೇಕು.” ಅವರು ಕಪ್ಪು ದುರ್ಬೀನನ್ನು ಎತ್ತಿ, ಅದು ಬಂದ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಮುಚ್ಚಿದರು. “ಸೋಮವಾರ ಆರು ಗಂಟೆಗೆ ಬಾ, ಯಾನೆತ್.”

“ನಾನಾ?”

“ಮತ್ತ್ಯಾರು? ನಂಗೆ ಒಂದೇ ಕಣ್ಣಿರೋದು.”

* * *

ಸೋಮವಾರ ಬೆಳಿಗ್ಗೆ ಗಾಳಿ ತಣ್ಣಗಿತ್ತು. ಆಚೆ ಕಡೆಗೆ ಹೊರಟ ಲಾರಿಯಲ್ಲಿ ಹನ್ನೊಂದು ಜನರಿದ್ದರು. ತಿರುವಿನಲ್ಲಿ ಯಾರೋ ಒಬ್ಬರು ಗುಡ್ಡದ ಕಡೆ ಕೈ ಬೀಸಿದರು. ಯಾರೆಂದು ಯಾನೆತ್‌ಗೆ ಗೊತ್ತಾಗಲಿಲ್ಲ. ಅವಳೂ ಕೈ ಬೀಸಿದಳು.

ಹಸಿರು ದುರ್ಬೀನಿನ ಮೇಲಿನ ಬಟ್ಟೆ ತೆಗೆದು, ಬೂದಿ ಊದಿ, ಬಾಗಿದ ಕತ್ತಿಗೆ ಕಣ್ಣಿಟ್ಟಳು. ಕೈ ತನ್ನಷ್ಟಕ್ಕೆ ಕೆಳಗೆ, ಹೊಲವಿದ್ದ ಕಡೆಗೆ ಜಾರಿತು. ಅವಳು ಅದನ್ನು ತಡೆದು ಮೇಲಕ್ಕೆ ತಂದಳು.

ಅವ್ವನ ಬಾಯಿ. ಬಿಳಿ ಹೊಗೆ, ಸಣ್ಣಗೆ.

ಆಮೇಲೆ ಕಮರಿ. ಒಂದು. ಎರಡು. ಮೂರು. ಎಂಟನೆಯ ನೋಟದಲ್ಲಿ ಕರಿಬಂಡೆಗಳಿದ್ದ ಜಾಗ ಬಂತು. ಅಲ್ಲೀಗ ಬಂಡೆಗಳಿರಲಿಲ್ಲ. ಒಂಬತ್ತು. ಹತ್ತು. ಹನ್ನೆರಡನೆಯದು ಹೊಲ. ಬೂದುಬಣ್ಣದ ಬಯಲು, ಅದರೊಳಗಿಂದ ತಲೆ ಎತ್ತಿದ ಒಂದು ಬೇಲಿಗೂಟ. ಕೆಂಪು ಏನೂ ಇರಲಿಲ್ಲ. ಅಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಂತು, ದಾಟಿಕೊಂಡು, ಲಾರಿಯಿಂದ ಇಳಿಯುತ್ತಿದ್ದವರನ್ನು ಎಣಿಸಿದಳು. ಮುಖಗಳು ಕಾಣಲಿಲ್ಲ. ಹನ್ನೊಂದು ಚುಕ್ಕೆಗಳು.

“ಕಮರಿ?” ಗುಡಿಸಲಿನ ಮುಂದೆ ನಿಂತು ದೋನ್ಯಾ ಸೊಯ್ಲಾ ಕೇಳಿದರು. ಈ ಸಲ ಅವರು ಹೊರಗೆ ಬಂದಿದ್ದರು.

ಯಾನೆತ್ ಉತ್ತರಿಸುವ ಮುನ್ನ ಮತ್ತೊಮ್ಮೆ ಮೇಲಕ್ಕೆ ಹೋದಳು. ಕಮರಿಯ ತಲೆಯ ಮೇಲೆ ಮೋಡದ ಒಂದು ಚೂರು ಬಂದು ಕೂತಿತ್ತು. ಕಾದಳು. ಅದು ಸರಿಯಲಿಲ್ಲ.

ಅವಳು ಪುಸ್ತಕ ತೆರೆದು, ಒಂದೊಂದೇ ಅಕ್ಷರವನ್ನು ನೆಟ್ಟಗೆ ಬರೆದಳು. ‘6.15. ಕಮರಿಯ ತಲೆ: ಮೋಡ. ಕಾಣಲಿಲ್ಲ.’

“ದೋನ್ಯಾ,” ಎಂದಳು. “ಅವರಿಗೆಲ್ಲ ಕಲ್ಲುಗೋಡೆ ಮೇಲಕ್ಕೆ ಹತ್ತೋಕೆ ಹೇಳಿ.”